ಕುಂಬಾರ ಹುಳಕ್ಕೊಂದು ತೂತು

ಚಿಂತಾಮಣಿ ಕಡೆ ತೋಟದ ಮೋಟರಿನ ಸ್ಟಾರ್ಟರ್ ಡಬ್ಬಿ ತೆಗೆದರೆ ಮೊದಲು ಹಲ್ಲಿ, ಆಮೇಲೆ ಮಣ್ಣು. ಮಣ್ಣೆಂದರೆ ಧೂಳಲ್ಲ, ಮೆತ್ತಿ, ತೀಡಿ, ಬಾಯಿ ಮುಚ್ಚಿದ ಗೂಡು. ಕುಂಬಾರ ಹುಳದ, ಅಂದರೆ ಮಣ್ಣುಗೂಡು ಕಟ್ಟುವ ಕಣಜದ, ಕೈಕೆಲಸ. ಬೀಗದ ತೂತು, ಪ್ಲಗ್ ಪಾಯಿಂಟಿನ ತೂತು, ದೇವರ ಫೋಟೋದ ಹಿಂಬದಿ, ಯಾವುದೂ ಅದಕ್ಕೆ ಬೇಡವಾಗಿಲ್ಲ. ಒಡೆಯಲು ಹೋದರೆ ಅಜ್ಜಿ ಅಡ್ಡ ಬರುತ್ತಾಳೆ: "ಬಿಡ್ರೋ, ಮನೇಲಿ ಕೂಸು ಆಡೋ ಸೂಚನೆ ಅದು."

ಆಡುವ ಕೂಸು ಹುಳದ್ದೇ. ಹೆಣ್ಣು ಹುಳ ಬಚ್ಚಲ ಮೋರಿಯಂಚಿನ ಹಸಿಮಣ್ಣನ್ನು ಉಂಡೆ ಕಟ್ಟಿ ತಂದು ಕೋಣೆ ಕಟ್ಟುತ್ತದೆ. ಜೇಡವನ್ನೋ ಹಸಿರು ಹುಳುವನ್ನೋ ಚುಚ್ಚಿ, ಸಾಯಿಸದೆ ಮರಗಟ್ಟಿಸಿ ಒಳಗೆ ತುಂಬುತ್ತದೆ, ಸತ್ತರೆ ಕೊಳೆಯುತ್ತದಲ್ಲ. ಮೊಟ್ಟೆಯಿಟ್ಟು ಬಾಗಿಲು ಮೆತ್ತಿದರೆ ಬಾಣಂತನ ಮುಗಿಯಿತು. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ ಎಂದು ಕಂಡ ಹಿರಿಯರು ಭ್ರಮರ-ಕೀಟ ನ್ಯಾಯ ಕಟ್ಟಿದರು: ಭ್ರಮರವನ್ನೇ ಧ್ಯಾನಿಸಿ ಕೀಟವೂ ಭ್ರಮರವಾಯಿತು ಅಂತ. ಪಾಪ, ಆ ಕೀಟ ಊಟವಾಗಿತ್ತು.

ಇದೇ ಹುಳಕ್ಕೆ ಶೆಡ್ಡಿನಲ್ಲಿ ನಿಂತ ಸಣ್ಣ ವಿಮಾನ ಸಿಕ್ಕರೆ ಹಬ್ಬ. ಅದರ ಮೈಯಲ್ಲಿ ಸಣ್ಣ ತೂತುಗಳಿಗೆ ಬರವಿಲ್ಲ, ಒಂದೊಂದೂ ಯಾವುದೋ ಅಂಗದ ಮೂಗು.

ಅಂಗಡಿಯ 15 ಕಿಲೋ ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗಳಗಳ ಎಂದು ಉಗ್ಗುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ಹೊಡೆದರೆ ನೀಟಾಗಿ ಸುರಿಯುತ್ತದೆ. ವಿಮಾನದ ಪೆಟ್ರೋಲ್ ಟ್ಯಾಂಕಿನ ಲೆಕ್ಕವೂ ಅಷ್ಟೇ. ಸೆಸ್ನಾ 172ರಂಥ ವಿಮಾನ ಗಂಟೆಗೆ ಹೆಚ್ಚುಕಡಿಮೆ 30 ಲೀಟರ್ ಕುಡಿಯುತ್ತದೆ. ಅಷ್ಟೇ ಗಾಳಿ ಟ್ಯಾಂಕಿನೊಳಕ್ಕೆ ಹೋಗಬೇಕು. ಅದು ಹೋಗುವ ದಾರಿ ಎಡರೆಕ್ಕೆಯ ಕೆಳಗೆ, ರೆಕ್ಕೆಗೆ ಆನಿಕೆಯಾದ ಸ್ಟ್ರಟ್ಟಿನ ಹಿಂದೆ ಇಣುಕುವ ಪೆನ್ನಿನ ಗಾತ್ರದ ಕೊಳವೆ. ಬಲಗಡೆ ಟ್ಯಾಂಕಿನ ಮುಚ್ಚಳದಲ್ಲೂ ಸಾಮಾನ್ಯವಾಗಿ ಒಂದು ಗಾಳಿದಾರಿ ಇರುತ್ತದೆ, ಅದರ ರಬ್ಬರು ಅಂಟಿಕೊಂಡಿರದಿದ್ದರೆ. ಎರಡೂ ಕಟ್ಟಿದವೋ, ಟ್ಯಾಂಕಿನಲ್ಲಿ ನಿರ್ವಾತ. ಪೆಟ್ರೋಲು ತುಂಬಿದ್ದರೂ ಕೆಳಗಿಳಿಯದು.

ಇದರ ಕಪಟ ನೋಡಿ. ನೆಲದ ಮೇಲಿನ ಪರೀಕ್ಷೆಯಲ್ಲಿ ಇಂಜಿನ್ನನ್ನು 1700-1800 ಆರ್‌ಪಿಎಮ್‌ಗೆ ಏರಿಸಿ, ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ನೋಡುತ್ತಾರೆ. ಆ ಐದು ನಿಮಿಷದಲ್ಲಿ ನಿರ್ವಾತ ಹುಟ್ಟುವುದಿಲ್ಲ, ಎಲ್ಲ ಸರಿ ಅನ್ನಿಸುತ್ತದೆ. ಮೇಲೇರಿದ ಮೇಲೆ ಕೆಮ್ಮು. ಹೇಗೋ ಹೊಲಕ್ಕಿಳಿಸಿ, ಪೆಟ್ರೋಲು ಇದೆಯಾ ಅಂತ ಮುಚ್ಚಳ ತೆಗೆದರೆ ಗಾಳಿ ಒಳಗೆ ನುಗ್ಗುತ್ತದೆ, ಇಂಜಿನ್ ಸಾಧುವಿನಂತೆ ಸ್ಟಾರ್ಟ್ ಆಗುತ್ತದೆ. ಸಾಕ್ಷಿ ಹೋಯಿತು. ಆದ್ದರಿಂದ ತೆಗೆಯುವಾಗ ಕಿವಿ ಹತ್ತಿರವಿರಲಿ: 'ಬುಸ್' ಎಂದರೆ ಕಳ್ಳ ಸಿಕ್ಕ. ಹಳೆ ಮೊಪೆಡ್ ಎರಡು ಕಿಲೋಮೀಟರಿಗೆ ನಿಂತಾಗ ಕೋಲಾರದ ಮೆಕ್ಯಾನಿಕ್ ಮಾಡುವುದೂ ಇದನ್ನೇ. "ಇಂಜಿನ್ನಿಗೇನೂ ಆಗಿಲ್ಲಣ್ಣ, ಮುಚ್ಚಳ ಉಸಿರಾಡ್ತಿಲ್ಲ."

ಗೂಡು ಕಂಡ ತಕ್ಷಣ ತಂತಿ ತೂರಿಸುವ ಆಸೆಯಾಗುತ್ತದೆ. ಬೇಡ. ಮಣ್ಣು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ, ದಾರಿಯಲ್ಲಿರುವ ವಾಲ್ವೂ ಕೆಡುತ್ತದೆ. ಕೊಳವೆ ಬಿಚ್ಚಿ, ಒಳಗಡೆಯ ತುದಿಯಿಂದ ಹೊರಕ್ಕೆ ಊದಬೇಕು.

ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪು, ಅಂದರೆ ಇಂಜಿನ್ ಹೊಟ್ಟೆಯ ಗಾಳಿ ಹೊರಬಿಡುವ ಕೊಳವೆ, ಇನ್ನೊಂದು ಮೂಗು. ಅದು ಕಟ್ಟಿದರೆ ಒಳಗಿನ ಒತ್ತಡ ಪ್ರೊಪೆಲ್ಲರಿನ ಹಿಂದಿನ ಸೀಲನ್ನೇ ಕಿತ್ತು ಆಯಿಲನ್ನೆಲ್ಲ ಹೊರಚೆಲ್ಲಬಹುದು. ಮೈನಾ ಹಕ್ಕಿ ಇಂಜಿನ್ ಮೇಲೆ ಹುಲ್ಲು ಹಾಸಿದರೆ ಸಿಲಿಂಡರಿಗೆ ತಂಪುಗಾಳಿಯಿಲ್ಲ, ಹುಲ್ಲಿಗೆ ಬೆಂಕಿ.

ಎಲ್ಲದಕ್ಕೂ ಹುಳದ ಮೇಲೆ ದೂರು ಹೊರಿಸುವುದೂ ಅನ್ಯಾಯ. ಏರ್ ಫಿಲ್ಟರಿನಿಂದ ಕಾರ್ಬ್ಯುರೇಟರಿಗೆ ಹೋಗುವ ಹೋಸಿನ ಒಳಪದರ ಕೆಲವೊಮ್ಮೆ ಸಡಿಲವಾಗಿರುತ್ತದೆ; ನಿಧಾನದಲ್ಲಿ ಸುಮ್ಮನಿದ್ದು, ಪೂರ್ತಿ ಥ್ರಾಟಲ್ ಕೊಟ್ಟಾಗ ಹೀರುವ ರಭಸಕ್ಕೆ ಒಳಗೇ ಮುದುಡಿ ಗಂಟಲು ಕಟ್ಟುತ್ತದೆ. ಬಿಚ್ಚಿ ನೋಡಿದರೆ ಮತ್ತೆ ದುಂಡಗೆ. ಸೈಲೆನ್ಸರಿನೊಳಗೆ ಮುರಿದ ತಗಡಿನದೂ ಇದೇ ಆಟ: ಒಮ್ಮೆ ಬಾಯಿಗೆ ಅಡ್ಡ, ಒಮ್ಮೆ ಮೂಲೆಗೆ. ಸೈಲೆನ್ಸರ್ ಬಿಚ್ಚಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ.

ವೇಗ ಅಳೆಯುವ ಪಿಟೋ ಕೊಳವೆಗೂ ಇಂಜಿನ್ನಿಗೂ ಸಂಬಂಧವಿಲ್ಲ, ಆದರೆ ಹುಳದ ಮೇಲಿನ ದೊಡ್ಡ ಆಪಾದನೆ ಇರುವುದು ಅಲ್ಲೇ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವಾರಗಟ್ಟಲೆ ನಿಂತಿದ್ದ ಅದರ ಕೊಳವೆಯಲ್ಲಿ ಮಣ್ಣುಗೂಡು ಇದ್ದಿರಬೇಕೆಂಬುದು ತನಿಖೆಯವರ ಗುಮಾನಿ.

ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 2013ರಲ್ಲಿ ಎರಡು ಗಂಟೆಯಷ್ಟು ನಿಂತಿದ್ದ ಏರ್‌ಬಸ್ ಎ330 ವಿಮಾನದ ಪಿಟೋದಲ್ಲೇ ಕಣಜ ಸಂಸಾರ ಹೂಡಿತ್ತು. ಹಾಗಾಗಿ ಅಲ್ಲಿಗೆ ಬಂದಿಳಿದ ವಿಮಾನಗಳ ಪಿಟೋಗೆ ಚೀಲ ತೊಡಿಸುವ ರೂಢಿ ಬಂತು, ಮರೆಯಬಾರದೆಂದು ಕೆಂಪು ಪಟ್ಟಿ ಬೇರೆ. 2018ರ ಜುಲೈ 18ರ ರಾತ್ರಿ ಅಲ್ಲಿಂದಲೇ ಇನ್ನೊಂದು ಎ330 ಚೀಲ ಬಿಚ್ಚದೆಯೇ ಹಾರಿ, ವೇಗ ತಿಳಿಯದೆ ತಡವರಿಸಿ, ಅಲ್ಲೇ ವಾಪಸ್ ಇಳಿಯಿತು. ಆವತ್ತು ಹುಳ ಏನೂ ಮಾಡಿರಲಿಲ್ಲ.