ಸ್ಥಳ ಕೇಳಬೇಡಿ, ಇನ್‌ಬಾಕ್ಸಿಗೆ ಬನ್ನಿ

ನಮ್ಮ ಹಕ್ಕಿ ವೀಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನಿಯಮಾವಳಿ ಮತ್ತೊಮ್ಮೆ ಪ್ರಕಟವಾಗಿದೆ. ಮೇಲೊಂದು ಸಾಲು ಕೈಮುಗಿದ ಚಿಹ್ನೆಗಳು, ಕೆಳಗೊಂದು ಸಾಲು, ನಡುವೆ ದಪ್ಪಕ್ಷರದಲ್ಲಿ ಸಂವಿಧಾನ. ಶುಭೋದಯ ಕಳುಹಿಸಬಾರದು. ಹಬ್ಬದ ಶುಭಾಶಯ, ಹುಟ್ಟುಹಬ್ಬದ ಹಾರೈಕೆ, ಭಾವಪೂರ್ಣ ಶ್ರದ್ಧಾಂಜಲಿ ಯಾವುದೂ ಕೂಡದು. ರಾಜಕೀಯ, ಜಾತಿ, ಕ್ರಿಕೆಟ್ ಸಂಪೂರ್ಣ ನಿಷಿದ್ಧ. ಗೂಡಿನ ಚಿತ್ರ ಹಾಕಬಾರದು. ಗೂಬೆ ಕೂತ ಮರ ಎಲ್ಲಿದೆ ಎಂದು ಕೇಳಲೂಬಾರದು, ಹೇಳಲೂಬಾರದು. ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಹೊರಗೆ ಕರೆಯಬಾರದು. ತಪ್ಪಿದಲ್ಲಿ ಯಾವ ಮುಲಾಜೂ ಇಲ್ಲದೆ ಹೊರಹಾಕಲಾಗುವುದು. ಇಂತಿ ನಿಮ್ಮ ಅಡ್ಮಿನ್.

ಓದಿದವರಿಗೆ ರಾಜ್ಯದ ಹಕ್ಕಿಗಳೆಲ್ಲ ಇನ್ನು ನೆಮ್ಮದಿಯಾಗಿ ಕಾವು ಕೂರಬಹುದು ಎನ್ನಿಸಬೇಕು. ನೀವೂ ಇಂಥದೊಂದು ಗುಂಪಿನಲ್ಲಿ ಇದ್ದರೆ, ಹಕ್ಕಿಯದ್ದೋ ಆರ್ಕಿಡ್‌ನದ್ದೋ ಚಾರಣದ್ದೋ ಹಳೆಯ ನಾಣ್ಯದ್ದೋ, ಆಮೇಲೆ ಏನಾಯಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಹೊಟ್ಟೆ ಉರಿಯುತ್ತಿದೆ.

ಮೊದಲ ಬಲಿ ಮರುದಿನ ಬೆಳಿಗ್ಗೆಯೇ ಬಿತ್ತು. ನಿವೃತ್ತ ಮೇಷ್ಟ್ರೊಬ್ಬರು ಗುಂಪಿನಲ್ಲಿದ್ದರು. ಅವರ ಬಳಿ ದುರ್ಬೀನು ಕೂಡ ಇರಲಿಲ್ಲ. ಹಿತ್ತಲಿನ ನುಗ್ಗೆ ಮರಕ್ಕೆ ಸೂರಕ್ಕಿ ಎಷ್ಟು ಹೊತ್ತಿಗೆ ಬಂತು, ಕೋಗಿಲೆಯ ಮರಿಗೆ ಕಾಗೆ ಹೇಗೆ ಉಣಿಸಿತು ಎಂಬುದನ್ನು ಎರಡು ಮೂರು ಸಾಲಿನಲ್ಲಿ ಬರೆಯುತ್ತಿದ್ದರು. ಗುಂಪಿನಲ್ಲಿ ಹಕ್ಕಿಯನ್ನು ನಿಜವಾಗಿ ನೋಡುತ್ತಿದ್ದವರು ಅವರೊಬ್ಬರೇ ಎಂಬ ಅನುಮಾನ ನನಗಿದೆ. ಆ ದಿನ ಅಭ್ಯಾಸಬಲದಿಂದ ಗುಲಾಬಿ ಹೂವು, ಕಾಫಿ ಲೋಟ, ಪಕ್ಕದಲ್ಲೊಂದು ಕೆಂಪು ಮಕಾವ್ ಗಿಳಿ ಇದ್ದ ಶುಭೋದಯದ ಚಿತ್ರ ಹಾಕಿಬಿಟ್ಟರು. ಕೂಡಲೇ ವಿಚಾರಣೆ ಶುರುವಾಯಿತು. ಚಿತ್ರದಲ್ಲಿ ಹಕ್ಕಿ ಇರುವುದರಿಂದ ಇದು ಗುಂಪಿನ ವಿಷಯವೇ ಎಂದರು ಒಬ್ಬರು. ಮಕಾವ್ ದಕ್ಷಿಣ ಅಮೆರಿಕದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು ಇನ್ನೊಬ್ಬರು. ಅದು ಸ್ಕಾರ್ಲೆಟ್ ಮಕಾವೋ ಹಸಿರು ರೆಕ್ಕೆಯದ್ದೋ ಎಂದು ಮೂರನೆಯವರು ಗುರುತು ಹಚ್ಚಲು ಕೂತರು. ಈ ವಿದ್ವತ್ ಗೋಷ್ಠಿ ಮಧ್ಯಾಹ್ನದ ಊಟದವರೆಗೂ ನಡೆಯಿತು. ಊಟ ಮುಗಿಸಿ ಬಂದ ಅಡ್ಮಿನ್ ಮೇಷ್ಟ್ರನ್ನು ಹೊರಹಾಕಿದರು. ‘ನಿಯಮ ಎಲ್ಲರಿಗೂ ಒಂದೇ’ ಎಂದು ಬರೆದರು. ನಲವತ್ತು ಹೆಬ್ಬೆಟ್ಟುಗಳು ಮೇಲೆದ್ದವು.

ಶುಭೋದಯ ಸಣ್ಣ ಪಿಡುಗೇನಲ್ಲ, ಒಪ್ಪೋಣ. ಭಾರತದಲ್ಲಿ ಫೋನುಗಳು ಯಾಕೆ ಹೀಗೆ ತುಂಬಿ ಉಸಿರುಗಟ್ಟುತ್ತವೆ ಎಂದು ಹುಡುಕಿಕೊಂಡು ಹೊರಟ ಗೂಗಲ್ ಕಂಪನಿಯವರಿಗೆ ಸಿಕ್ಕಿದ್ದೇ ಈ ಸೂರ್ಯೋದಯ, ದಾಸವಾಳ, ಗಣಪತಿಗಳ ರಾಶಿ. 2018ರ ಆರಂಭದಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಅವನ್ನು ಹೆಕ್ಕಿ ಅಳಿಸುವುದಕ್ಕೆಂದೇ ತಮ್ಮ ಆ್ಯಪ್‌ನಲ್ಲಿ ಒಂದು ಸೌಲಭ್ಯವನ್ನೂ ಅವರು ಸೇರಿಸಿದರು. ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರುಗಳು ನಮ್ಮ ಸೋದರಮಾವಂದಿರ ಶುಭೋದಯದ ವಿರುದ್ಧ ಪಡೆ ಕಟ್ಟಿದ್ದು ನಮಗೆ ಹೆಮ್ಮೆಯ ವಿಷಯವೇ ಸರಿ.

ಅಡ್ಮಿನ್ ಪದವಿಯೂ ಅಷ್ಟೇನೂ ಸುಖದ್ದಲ್ಲ. ಸಂಬಳವಿಲ್ಲ, ಭತ್ಯೆಯಿಲ್ಲ, ಮೇಲಿಂದ ಪೊಲೀಸರ ಭಯ. 2017ರಲ್ಲಿ ವಾರಾಣಸಿಯ ಜಿಲ್ಲಾಡಳಿತ, ಗುಂಪಿನಲ್ಲಿ ಸುಳ್ಳು ಸುದ್ದಿ ಹರಡಿದರೆ ಅಡ್ಮಿನ್ ಮೇಲೂ ಪ್ರಕರಣ ದಾಖಲಾಗಬಹುದೆಂದು ಎಚ್ಚರಿಸಿತ್ತು. ಮರುವರ್ಷ ಜಮ್ಮು–ಕಾಶ್ಮೀರದ ಕಿಶ್ತ್ವಾರ್‌ನಲ್ಲಂತೂ ವಾಟ್ಸಾಪ್ ಅಡ್ಮಿನ್‌ಗಳೆಲ್ಲ ಹತ್ತು ದಿನದೊಳಗೆ ಬಂದು ಹೆಸರು ನೋಂದಾಯಿಸಿಕೊಳ್ಳಬೇಕೆಂದು ಆದೇಶವೇ ಹೊರಟಿತು. ಕೊನೆಗೆ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಬಡಪಾಯಿಗಳ ಕೈಹಿಡಿಯಿತು. ಅಡ್ಮಿನ್‌ಗೆ ಇರುವುದು ಸೇರಿಸುವ ಮತ್ತು ತೆಗೆಯುವ ಅಧಿಕಾರ ಮಾತ್ರ, ಬೇರೆಯವರು ಬರೆದದ್ದಕ್ಕೆಲ್ಲ ಅವನನ್ನು ಹೊಣೆ ಮಾಡಲಾಗದು ಎಂಬರ್ಥದ ತೀರ್ಪು ಬಂತು. ಮುಂದಿನ ವರ್ಷ ಕೇರಳ ಹೈಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. ಅದೇ ವರ್ಷ ವಾಟ್ಸಾಪ್ ಮೂರನೆಯದೊಂದು ಅಧಿಕಾರವನ್ನೂ ಕೊಟ್ಟಿತು: ಯಾರದೇ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಿಹಾಕಬಹುದು. ನಮ್ಮ ಅಡ್ಮಿನ್ ಮೂರನ್ನೂ ಬಲ್ಲರು. ಯಾರ ಮೇಲೆ ಪ್ರಯೋಗಿಸಬೇಕೆಂಬುದನ್ನು ಇನ್ನೂ ಚೆನ್ನಾಗಿ ಬಲ್ಲರು.

ಈಗ ಲೆನ್ಸ್ ಸಾಹೇಬರ ವಿಷಯಕ್ಕೆ ಬರೋಣ. ಪ್ರತಿ ಗುಂಪಿಗೂ ಇಂಥವರೊಬ್ಬರು ಇರುತ್ತಾರೆ. ಇವರ ಬಳಿ 600 ಎಂ.ಎಂ.ನ ಲೆನ್ಸ್ ಇದೆ, ಅದರ ಬೆಲೆ ಹತ್ತು ಲಕ್ಷ ದಾಟುತ್ತದೆ. ಜೊತೆಗೊಂದು ಜೀಪು, ಮೈತುಂಬ ಎಲೆ ಚಿತ್ತಾರದ ಅಂಗಿ, ಟ್ರೈಪಾಡ್ ಹೊರಲು ಒಬ್ಬ ಹುಡುಗ. ಗುಂಪಿನಲ್ಲಿ ಅವರನ್ನು ಗಂಡಿನ ಕಡೆಯ ಹಿರಿಯರಂತೆ ಉಪಚರಿಸಲಾಗುತ್ತದೆ. ನಿಯಮಾವಳಿ ಪ್ರಕಟವಾದ ಅದೇ ವಾರ ಅವರು ರಾಜಹಕ್ಕಿಯ ಗೂಡಿನ ಚಿತ್ರ ಹಾಕಿದರು. ಒಂದಲ್ಲ, ಸಾಲು ಸಾಲಾಗಿ.

‘ಅದ್ಭುತ ಸರ್.’ ‘ದೈವದತ್ತ ಕಣ್ಣು ಸರ್.’ ‘ಪ್ರಕೃತಿಯ ಮಡಿಲಲ್ಲಿ ತಾಯ್ತನ, ಕಣ್ಣು ತುಂಬಿ ಬಂತು ಸರ್.’

ನಾನು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ರಾಜಹಕ್ಕಿಯ ಗೂಡು ಪುಟ್ಟ ಬಟ್ಟಲು, ಜೇಡರ ಬಲೆಯನ್ನು ಮೆತ್ತಿ ಕಟ್ಟಿದ್ದು. ಎಲೆಗಳ ಮರೆಯಲ್ಲಿ ಸಣ್ಣ ಕವಲಿಗೆ ಅಂಟಿಕೊಂಡಿರುತ್ತದೆ, ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ. ಈ ಗೂಡು ಮಾತ್ರ ವೇದಿಕೆಯ ಮೇಲಿಟ್ಟಂತೆ ಇತ್ತು. ಸುತ್ತ ಒಂದು ಎಲೆಯೂ ಇಲ್ಲ, ಹಿನ್ನೆಲೆ ಬೆಣ್ಣೆಯಷ್ಟು ನುಣುಪು. ಎಡಗಡೆ ಮೂಲೆಯಲ್ಲಿ ಒಂದು ಟೊಂಗೆಯ ತುದಿ ಓರೆಯಾಗಿ ಕತ್ತರಿಸಿಹೋಗಿತ್ತು. ಗಾಯ ಇನ್ನೂ ಹಸಿ, ಒಳಗಿನ ಬಿಳಿ ತಿರುಳು ಹೊಳೆಯುತ್ತಿತ್ತು. ಗಾಳಿಗೆ ಮುರಿದ ಟೊಂಗೆ ಹಾಗಿರುವುದಿಲ್ಲ. ಮೂರು ಮರಿಗಳು ಬಾಯಿ ತೆರೆದು ಕುಳಿತಿದ್ದವು. ಅಡಿಯಲ್ಲಿ ಸಾಹೇಬರ ಶೀರ್ಷಿಕೆ, ‘ಅಮ್ಮಾ, ಹಸಿವು!’ ಆದರೆ ಹಸಿದ ಮರಿ ಕತ್ತು ನೀಳ ಮಾಡಿ ಮೇಲಕ್ಕೆ ಬಾಯಿ ತೆರೆಯುತ್ತದೆ. ಇವು ಕತ್ತು ಕುಸಿದು, ರೆಕ್ಕೆಯ ಮೋಟುಗಳನ್ನು ಮೈಯಿಂದ ದೂರ ಚಾಚಿಕೊಂಡು, ಬಿಸಿಲಿಗೆ ಏದುಸಿರು ಬಿಡುತ್ತಿದ್ದವು. ನಡುಹಗಲಿನ ನೆರಳು ಗೂಡಿನ ಕೆಳಗೇ ಬಿದ್ದಿತ್ತು.

ಎಂ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಇದು ಗೂಡಿನ ಚಿತ್ರ ಅಲ್ಲವೇ? ನಿಯಮದಲ್ಲಿ ಬೇಡ ಎಂದಿದೆ. ಟೊಂಗೆ ಕತ್ತರಿಸಿದ ಹಾಗೆ ಕಾಣುತ್ತಿದೆ.’

ಗುಂಪು ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಅಡ್ಮಿನ್ ಬರೆದರು: ‘ನೋಡಮ್ಮ, ಸರ್ ಇಪ್ಪತ್ತು ವರ್ಷದಿಂದ ಈ ಕ್ಷೇತ್ರದಲ್ಲಿದ್ದಾರೆ. ಇದು ಗೂಡಿನ ಚಿತ್ರವಲ್ಲ, ಮರಿಗಳ ಪೋಷಣೆಯ ದಾಖಲೀಕರಣ. ಹಿರಿಯರೊಂದಿಗೆ ಮಾತನಾಡುವಾಗ ಧಾಟಿ ಸರಿಯಿರಲಿ. ನಕಾರಾತ್ಮಕತೆ ಬೇಡ.’ ಸಾಹೇಬರೂ ದೊಡ್ಡ ಮನಸ್ಸು ಮಾಡಿ ಒಂದು ನಗುಮುಖ ಹಾಕಿದರು. ಹುಡುಗಿ ಬಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಏನೇನು ಎಂದು ಹೇಳುವ ಭಾಗದ ಫೋಟೊ ತೆಗೆದು ಗುಂಪಿಗೆ ಕಳುಹಿಸಿದಳು. ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಆ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಬಂದೂಕು ಬೇಕೆಂದೇನಿಲ್ಲ, ಗಿಡ ಸವರುವ ಕತ್ತರಿ ಸಾಕು. ಎರಡು ನಿಮಿಷದಲ್ಲಿ ಅವಳ ಸಂದೇಶ ಅಳಿಸಿಹೋಯಿತು. ಮೂರನೇ ನಿಮಿಷಕ್ಕೆ ಗುಂಪಿನ ಬಾಗಿಲಿಗೆ ಬೀಗ ಬಿತ್ತು: ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು.’

ಮಾತಿಗೆ ಮಿತಿ ಹಾಕುವ ಈ ಶಿಸ್ತನ್ನು ಮೆಚ್ಚಲೇಬೇಕು. ಗದ್ದಲವಿಲ್ಲ, ಗೊಂದಲವಿಲ್ಲ, ಸೌಹಾರ್ದ ಉಕ್ಕುತ್ತಿದೆ. ಗುಂಪು ಇರುವುದೇ ಸದಸ್ಯರ ಮನಸ್ಸು ನೋಯದಿರಲೆಂದು. ಹಕ್ಕಿಗಳು ಸದಸ್ಯರಲ್ಲ, ಅವುಗಳ ಬಳಿ ಸಿಮ್ ಇಲ್ಲ.

ಸ್ಥಳದ ಕತೆ ಇನ್ನೂ ರಮ್ಯ. ಯಾರಾದರೂ ಮೀನುಗೂಬೆಯ ಚಿತ್ರ ಹಾಕಿದರೆ ಮೊದಲ ಪ್ರತಿಕ್ರಿಯೆ ‘ಸೂಪರ್’, ಎರಡನೆಯದು ‘ಲೊಕೇಶನ್?’ ಚಿತ್ರ ಹಾಕಿದವರು ಮಡಿವಂತರು. ಸಾರ್ವಜನಿಕವಾಗಿ ‘ಬೆಂಗಳೂರಿನ ಹೊರವಲಯ’ ಎಂದಷ್ಟೇ ಬರೆಯುತ್ತಾರೆ. ‘ನಿಯಮದಂತೆ ಸ್ಥಳ ತಿಳಿಸಲಾಗದು, ಕ್ಷಮಿಸಿ. ಇನ್‌ಬಾಕ್ಸಿಗೆ ಬನ್ನಿ.’ ಇನ್‌ಬಾಕ್ಸಿನಲ್ಲಿ ಮರದ ಬುಡದವರೆಗೆ ನಕ್ಷೆ ಸಿಗುತ್ತದೆ. ಕೆರೆಯ ಏರಿ ಹತ್ತಿ, ಎಡಕ್ಕೆ ತಿರುಗಿ, ಮೂರನೇ ಹೊಂಗೆ ಮರ, ಎಳನೀರು ಮಾರುವವನನ್ನು ಕೇಳಿದರೂ ತೋರಿಸುತ್ತಾನೆ. ಭಾನುವಾರ ಬೆಳಿಗ್ಗೆ ನೋಡಿ, ಆ ಮರದ ಕೆಳಗೆ ಊರ ಜಾತ್ರೆ. ರಾತ್ರಿಯಿಡೀ ಬೇಟೆಯಾಡಿ ಕಣ್ಣು ಮುಚ್ಚಿದ ಗೂಬೆಗೆ ಕಣ್ಣು ತೆರೆಸಬೇಕಲ್ಲ, ಕಣ್ಣು ತೆರೆಯದಿದ್ದರೆ ಚಿತ್ರಕ್ಕೆ ಬೆಲೆಯಿಲ್ಲ. ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಒಬ್ಬರು ಶಿಳ್ಳೆ ಹಾಕುತ್ತಾರೆ, ಒಬ್ಬರು ಸಣ್ಣ ಕಲ್ಲು ಹುಡುಕುತ್ತಾರೆ. ಈಬರ್ಡ್‌ನಂಥ ಹಕ್ಕಿ ದಾಖಲೆಯ ಜಾಲತಾಣಗಳು ಸೂಕ್ಷ್ಮ ಪ್ರಭೇದಗಳ ನಿಖರ ಜಾಗ ಹೊರಗಿನವರಿಗೆ ಕಾಣದಂತೆ ಮರೆಮಾಡುತ್ತವೆ. ಅವರಿಗೆ ಇನ್‌ಬಾಕ್ಸಿನ ಮಹಿಮೆ ತಿಳಿಯದು.

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಜೀಪಿನ ಗಾಲಿ ಗುರುತು ನೋಡಿದವರಿಗೆ ಉಳಿದದ್ದು ಗೊತ್ತಿದೆ. ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ಮಲಗುವುದು ಮರದಲ್ಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಸೂರ್ಯ ಮುಳುಗುವ ಹೊತ್ತಿಗೆ, ಅವು ಇಳಿಯುವ ಹೊತ್ತಿಗೇ, ಬೆಳಕು ಚೆನ್ನಾಗಿರುತ್ತದೆ. ಆದ್ದರಿಂದ ಜೀಪು ಹುಲ್ಲಿನೊಳಗೇ ಇಳಿಯಬೇಕು. ಆ ಜಾಗವನ್ನು ಸಂರಕ್ಷಿತ ಪ್ರದೇಶ ಮಾಡಿ ಎಂದು ಪರಿಸರದವರು ವರ್ಷಾನುಗಟ್ಟಲೆ ಅಲೆದು, 2024ರಲ್ಲಿ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಪಡೆಯುವಷ್ಟರಲ್ಲಿ ಹೈರಾಣಾಗಿದ್ದರು. ಅದಕ್ಕೆ ನಮ್ಮ ಗುಂಪೂ ಬೆಂಬಲ ಸೂಚಿಸಿತ್ತು. ಬೆಂಬಲ ಸೂಚಿಸಿದ ಚಿತ್ರ ಜೀಪಿನಿಂದ ತೆಗೆದದ್ದು.

ಕೂಗು ಕೇಳಿಸುವ ವಿದ್ಯೆಯ ಬಗ್ಗೆ ಹೆಚ್ಚು ಬರೆಯಲಾರೆ. ಪೊದೆಯಲ್ಲಿ ಅಡಗಿರುವ ನವರಂಗ ಹಕ್ಕಿಗೆ ಸ್ಪೀಕರಿನಲ್ಲಿ ಅದರದೇ ಕೂಗು ಕೇಳಿಸಿದರೆ, ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದನೆಂದು ರೇಗಿಕೊಂಡು ಹೊರಬರುತ್ತದೆ. ಬಂದು ನೋಡಿದರೆ ಎದುರಾಳಿಯಿಲ್ಲ, ಏಳು ಜನ ಗಂಡಸರು ಮಂಡಿಯೂರಿ ಕುಳಿತಿದ್ದಾರೆ.

ಕೊಕ್ಕರೆ ಬೆಳ್ಳೂರಿಗೆ ಗುಂಪಿನಿಂದ ಪ್ರವಾಸ ಹೋಗಿದ್ದುಂಟು. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಸೂರಿನ ಮೇಲೆ ಬೀಳುತ್ತದೆ, ಮೀನಿನ ನಾತ ಅಡುಗೆಮನೆಗೆ ಬರುತ್ತದೆ, ಹುಣಸೆ ಫಸಲು ಹಾಳಾಗುತ್ತದೆ. ಆದರೂ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಸಹಿಸಿಕೊಂಡು ಬಂದಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಅಲ್ಲಿನ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕಿದ್ದಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಪ್ರವಾಸ ಮುಗಿದ ಮೇಲೆ ಗುಂಪಿನಲ್ಲಿ ಬಂದ ಅಭಿಪ್ರಾಯ: ‘ಒಳ್ಳೆಯ ತಾಣ, ಆದರೆ ವಿದ್ಯುತ್ ತಂತಿ ಅಡ್ಡ ಬರುತ್ತದೆ. ಬಟ್ಟೆ ಒಣಹಾಕುವುದನ್ನು ಊರಿನವರು ನಿಲ್ಲಿಸಿದರೆ ಹಿನ್ನೆಲೆ ಚೆನ್ನಾಗಿ ಬರುತ್ತದೆ.’

ನಗುವುದಕ್ಕೆಂದೇ ಬರೆಯಲು ಕುಳಿತೆ, ಆದರೆ ನಗು ಬರುತ್ತಿಲ್ಲ. ಎಲೆ ತೆಗೆದ ಗೂಡಿಗೆ ನೆರಳಿಲ್ಲ. ಕಾಗೆಗೂ ಮಟಪಕ್ಷಿಗೂ ಅದು ದೂರದಿಂದಲೇ ಕಾಣುತ್ತದೆ. ಜನ ಸುತ್ತುವರಿದಷ್ಟು ಹೊತ್ತು ತಂದೆತಾಯಿ ಹಕ್ಕಿಗಳು ಹತ್ತಿರ ಬರುವುದಿಲ್ಲ. ಇದನ್ನು ತಿಳಿಯಲು ಎಂ.ಎಸ್ಸಿ. ಬೇಕಾಗಿಲ್ಲ, ಸಾಹೇಬರಿಗೂ ಗೊತ್ತಿದೆ, ಅಡ್ಮಿನ್‌ಗೂ ಗೊತ್ತಿದೆ, ‘ಅದ್ಭುತ ಸರ್’ ಎಂದವರಿಗೂ ಗೊತ್ತಿದೆ. ಗೊತ್ತಿರುವುದರಿಂದಲೇ ನಿಯಮ ಬರೆದದ್ದು. ಬರೆದ ಮೇಲೆ ಅದನ್ನು ಹೇರಿದ್ದು ಗಿಳಿಯ ಚಿತ್ರ ಹಾಕಿದ ಮುದುಕರ ಮೇಲೆ ಮತ್ತು ಪ್ರಶ್ನೆ ಕೇಳಿದ ಹುಡುಗಿಯ ಮೇಲೆ. ಮೂರು ಮರಿಗಳು ಬದುಕಿದವೇ ಎಂದು ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಲು ಬೀಗವೂ ತೆಗೆದಿರಲಿಲ್ಲ.

ಬೀಗ ತೆಗೆದದ್ದು ತಿಂಗಳ ಅತ್ಯುತ್ತಮ ಚಿತ್ರ ಸ್ಪರ್ಧೆಯ ಫಲಿತಾಂಶಕ್ಕೆ. ಯಾರಿಗೆ ಬಂತೆಂದು ಹೇಳಬೇಕೇ? ತೀರ್ಪುಗಾರರೂ ಅವರೇ ಆಗಿದ್ದುದರಿಂದ ವಿವಾದ ಉಂಟಾಗಲಿಲ್ಲ. ಪರಿಸರ ದಿನಕ್ಕೆ ಶಾಲೆಯೊಂದರಲ್ಲಿ ಅವರ ಉಪನ್ಯಾಸವೂ ಇದೆ, ವಿಷಯ ‘ಪಕ್ಷಿ ಸಂರಕ್ಷಣೆಯಲ್ಲಿ ಯುವಜನರ ಪಾತ್ರ’. ಆಹ್ವಾನ ಪತ್ರಿಕೆಯ ಮೇಲೆ ಅದೇ ಗೂಡು. ಮೂಲೆಯ ಕತ್ತರಿಸಿದ ಟೊಂಗೆಯ ಮೇಲೆ ಪ್ರಾಯೋಜಕರ ಲಾಂಛನ ಚೆನ್ನಾಗಿ ಕೂತಿದೆ.

ಇದರಿಂದೆಲ್ಲ ಬೇಸತ್ತ ಕೆಲವರು ಸಿಡಿದು ಹೊರಬಂದು ‘ನೈಜ ಹಕ್ಕಿಪ್ರಿಯರು’ ಎಂದು ಬೇರೆಯೇ ಗುಂಪು ಕಟ್ಟಿದ್ದಾರೆ. ನನ್ನನ್ನೂ ಸೇರಿಸಿದರು, ಹುಡುಗಿಯನ್ನೂ ಸೇರಿಸಿದರು. ಹಳೆಯ ನಿಯಮಾವಳಿಯನ್ನೇ ತಂದು ಅಂಟಿಸಿದರು, ಕೈಮುಗಿದ ಚಿಹ್ನೆಗಳನ್ನು ಮಾತ್ರ ತೆಗೆದರು. ಎರಡು ದಿನ ಒಳ್ಳೆಯ ಚಿತ್ರಗಳೇ ಬರಲಿಲ್ಲ. ಸದಸ್ಯರು ಗೊಣಗತೊಡಗಿದರು. ಮೂರನೆಯ ದಿನ ಲೆನ್ಸ್ ಸಾಹೇಬರನ್ನು ಗೌರವ ಸದಸ್ಯರಾಗಿ ಬರಮಾಡಿಕೊಳ್ಳಲಾಯಿತು. ಅವರು ಬಂದವರೇ ಗೂಬೆಮರಿಯೊಂದನ್ನು ಹಾಕಿದರು. ನಾನು ಓದುವಷ್ಟರಲ್ಲಿ ಕೆಳಗೆ ಹದಿಮೂರು ಜನ ಲೊಕೇಶನ್ ಕೇಳಿದ್ದರು, ಅದರಲ್ಲಿ ಒಬ್ಬರು ಹೊಸ ಅಡ್ಮಿನ್.