ನೋಯದ ಗಂಟೆಲ್ಲ ಕೊಬ್ಬಿನ ಗಂಟಲ್ಲ

‘ನೋವಿಲ್ಲದ ಗಂಟು ಕ್ಯಾನ್ಸರ್ ಅಲ್ಲ, ಸೂಜಿ ಚುಚ್ಚಿಸಿದರೆ ಮಾತ್ರ ಹರಡುತ್ತದೆ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಸ್ನಾಯು, ಕೊಬ್ಬು, ನರಗಳಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ. 1. ಬಗೆಗಳು ಮಾತ್ರ 50ಕ್ಕೂ ಜಾಸ್ತಿ. ಡಾಕ್ಟರು ವರ್ಷಗಟ್ಟಲೆ ಅಪಾಯವಿಲ್ಲದ ಕೊಬ್ಬಿನ ಗಂಟುಗಳನ್ನೇ ನೋಡಿರುತ್ತಾರೆ. ಇದೂ ಅದೇ ಅಂದುಕೊಳ್ಳುವುದು ಸಹಜ ಅಲ್ವಾ? ತೊಡೆಯಲ್ಲಾದರೆ ‘ಎಲ್ಲೋ ಪೆಟ್ಟು ಬಿದ್ದಿರಬೇಕು’ ಅಂತ ನಾವೂ ಸುಮ್ಮನಾಗುತ್ತೇವೆ.

ಗಂಟು 5 ಸೆಂ.ಮೀ. ದಾಟಿದ್ದರೆ, ಬೆಳೆಯುತ್ತಿದ್ದರೆ ಅಥವಾ ಆಳದಲ್ಲಿದ್ದರೆ ಸ್ಕ್ಯಾನ್ ಬೇಕು. ಆಮೇಲೆ ದಪ್ಪ ಸೂಜಿಯ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ತಿಳಿದವರು ಯೋಜಿಸಿ ಮಾಡಿದರೆ ಅದರಿಂದ ಹರಡುವ ಅಪಾಯ ತೀರಾ ಕಡಿಮೆ. ಪರೀಕ್ಷೆಯನ್ನೇ ಮಾಡದೆ ಗಂಟನ್ನು ಸುಮ್ನೆ ಕೊಯ್ದು ತೆಗೆದರೇ ಕಷ್ಟ: ಒಳಗೆ ಉಳಿದದ್ದಕ್ಕೆ ಮತ್ತೆ ದೊಡ್ಡ ಆಪರೇಷನ್ ಬೇಕಾದೀತು.