ಅಂದಾಜಿನ ಆದಾಯ, ಕಟ್ಟುನಿಟ್ಟಿನ ಗಡುವು

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೊರಟ ಸಾಧಾರಣ ಸಂಬಳದ ಮನೆಗಳಲ್ಲಿ ಮಾರ್ಚ್ 2 ಎಂಬ ತಾರೀಖು ಯುಗಾದಿಗಿಂತ ಚೆನ್ನಾಗಿ ನೆನಪಿರುತ್ತದೆ. ರಾಜ್ಯ ಸರ್ಕಾರ ಕಾಲೇಜು ಓದಿಗೆ ಕೊಡುವ ಕ್ಯಾಲ್ ಗ್ರಾಂಟ್ ಎಂಬ ಸಹಾಯಧನ ಬೇಕೆಂದರೆ ಫಾಫ್ಸಾ ಎಂಬ ಕೇಂದ್ರ ಸರ್ಕಾರದ ಅರ್ಜಿಯನ್ನು ಅಂದಿನೊಳಗೆ ಸಲ್ಲಿಸಬೇಕೆಂಬುದು ಬಹುಕಾಲದ ಪದ್ಧತಿ. ಅರ್ಜಿಯಲ್ಲಿ ತುಂಬಬೇಕಾದದ್ದು ತಂದೆತಾಯಿಯ ತೆರಿಗೆಯ ವಿವರ. ತೆರಿಗೆ ಸಲ್ಲಿಸುವ ಕೊನೆಯ ದಿನ ಏಪ್ರಿಲ್ 15. ನನ್ನ ಮಗಳು 2015ರಲ್ಲಿ ಕಾಲೇಜು ಸೇರುವವಳಿದ್ದಳು, ಮತ್ತು ಆಗಿನ ನಿಯಮದಂತೆ ಆಗಷ್ಟೇ ಮುಗಿದಿದ್ದ 2014ರ ಆದಾಯವನ್ನೇ ಬರೆಯಬೇಕಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರು. ಇಲ್ಲಿ ಸರ್ಕಾರವೇ ಕುಲಾವಿಯ ಅಳತೆ ಕೇಳುತ್ತಿತ್ತು.

ನನ್ನ ವರ್ಷದ ಸಂಬಳವನ್ನು ತಿಳಿಸುವ ಡಬ್ಲ್ಯೂ-2 ಎಂಬ ಹಾಳೆ ಜನವರಿ ಕಳೆಯುವುದರೊಳಗೆ ಬಂದುಬಿಟ್ಟಿತು. ಅದರ ಬಗ್ಗೆ ದೂರಿಲ್ಲ. ಷೇರು ವ್ಯವಹಾರದ ಲೆಕ್ಕ ತಿಳಿಸುವ 1099 ಎಂಬ ಹಾಳೆ ಫೆಬ್ರವರಿಯ ನಡುವೆ ಬಂದು, ಆಮೇಲೆ ‘ತಿದ್ದುಪಡಿಯಾದ ಪ್ರತಿ’ ಎಂಬ ಹಣೆಪಟ್ಟಿ ಹೊತ್ತು ಮತ್ತೊಮ್ಮೆ ಬಂದಿತು. ಅದನ್ನೂ ಸಹಿಸಿಕೊಳ್ಳಬಹುದಿತ್ತು. ನಿಜವಾದ ತೊಡಕು ಹುಟ್ಟಿದ್ದು ಚಟ್ನಿಪುಡಿಯಿಂದ.

ನನ್ನ ಹೆಂಡತಿ ಇಬ್ಬರು ಗೆಳತಿಯರೊಂದಿಗೆ ಸೇರಿ ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟುಗಳ ಪುಟ್ಟ ವ್ಯಾಪಾರ ನಡೆಸುತ್ತಿದ್ದಳು. ಪಾಲುದಾರಿಕೆಯ ವ್ಯಾಪಾರದಲ್ಲಿ ಯಾರ ಪಾಲಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂಬುದನ್ನು ತಿಳಿಸುವ ಹಾಳೆಗೆ ಕೆ-1 ಎಂದು ಹೆಸರು. ಆ ಹಾಳೆ ಕೈಗೆ ಬಂದ ಮೇಲಷ್ಟೇ ಪಾಲುದಾರರು ತಮ್ಮ ಸ್ವಂತ ತೆರಿಗೆ ಲೆಕ್ಕವನ್ನು ಮುಗಿಸಲು ಸಾಧ್ಯ. ಆಗಿನ ಕಾನೂನಿನ ಸೊಗಸೆಂದರೆ, ಪಾಲುದಾರಿಕೆಯವರು ಆ ಹಾಳೆಯನ್ನು ಕೊಡಲು ಇದ್ದ ಗಡುವು ಏಪ್ರಿಲ್ 15, ಅದನ್ನು ನೋಡಿಕೊಂಡು ನಾವು ಲೆಕ್ಕ ಒಪ್ಪಿಸಲು ಇದ್ದ ಗಡುವೂ ಅದೇ ಏಪ್ರಿಲ್ 15. ಅಮೆರಿಕದ ಸಂಸತ್ತು ಇದನ್ನು 2015ರಲ್ಲಿ ಸರಿಪಡಿಸಿ, 2016ರ ಲೆಕ್ಕದಿಂದ ಮೊದಲ ಗಡುವನ್ನು ಮಾರ್ಚ್ 15ಕ್ಕೆ ಎಳೆದು ತಂದಿತು. ಅದೂ ಮಾರ್ಚ್ 2 ಕಳೆದ ಮೇಲೆಯೇ ಬರುತ್ತದೆಂಬುದು ಬೇರೆ ಮಾತು.

ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಗೆಳತಿಗೆ ನಾನೇ ಫೋನು ಮಾಡಿ, ಸುಮಾರಾಗಿ ಎಷ್ಟು ಲಾಭವೆಂದು ಹೇಳಿದರೂ ಸಾಕು ಎಂದು ಬೇಡಿಕೊಂಡೆ. ಆಕೆ ಬಹಳ ಸಮಾಧಾನದಿಂದ, “ಲಾಭವಂತೂ ಇಲ್ಲ ಭಾವ, ನಷ್ಟ ಎಷ್ಟು ಅಂತ ಮಾತ್ರ ಅಕೌಂಟೆಂಟ್ ಹೇಳಬೇಕು” ಎಂದರು. ಲಾಭಕ್ಕಾಗಿ ಕಾಯುವುದರಲ್ಲಿ ಒಂದು ಆಸೆಯಾದರೂ ಇರುತ್ತದೆ. ನಷ್ಟದ ಅಧಿಕೃತ ದೃಢೀಕರಣಕ್ಕಾಗಿ ತಿಂಗಳುಗಟ್ಟಲೆ ಕಾಯುವವನ ಮನಃಸ್ಥಿತಿಯನ್ನು ಅನುಭವಿಸಿಯೇ ತಿಳಿಯಬೇಕು.

ಇಷ್ಟು ಸಾಲದೆಂಬಂತೆ ಮೈಸೂರಿನ ಬ್ಯಾಂಕೊಂದರಲ್ಲಿ ನನ್ನ ಹೆಸರಿನದೊಂದು ಠೇವಣಿ ಇತ್ತು. ಅಮೆರಿಕದ ಪೌರನಾಗಲಿ ಹಸಿರು ಕಾರ್ಡಿನವನಾಗಲಿ ಪ್ರಪಂಚದ ಯಾವ ಮೂಲೆಯಲ್ಲಿ ಗಳಿಸಿದ ಬಡ್ಡಿಯನ್ನಾದರೂ ಇಲ್ಲಿ ತೋರಿಸಬೇಕು, ಅದೂ ಜನವರಿಯಿಂದ ಡಿಸೆಂಬರ್‌ವರೆಗಿನದನ್ನು. ಭಾರತದ ಆರ್ಥಿಕ ವರ್ಷವಾದರೋ ಏಪ್ರಿಲ್‌ನಿಂದ ಮಾರ್ಚ್. ನಿವೃತ್ತ ಗಣಿತದ ಮೇಷ್ಟ್ರಾದ ನಮ್ಮ ತಂದೆ ಬ್ಯಾಂಕಿಗೆ ಹೋಗಿ ಬಡ್ಡಿಯ ಪ್ರಮಾಣಪತ್ರ ಕೇಳಿದರು. “ಮಾರ್ಚ್ ಮುಗಿಯಲಿ ಸಾರ್, ಏಪ್ರಿಲ್‌ನಲ್ಲಿ ಬನ್ನಿ, ಇಡೀ ವರ್ಷದ್ದು ಒಟ್ಟಿಗೇ ಕೊಡ್ತೀವಿ” ಎಂಬ ಉತ್ತರ ಬಂತು. ತಮಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷ ಎಂದು ಅವರು ವಿವರಿಸಿದಾಗ, ಕೌಂಟರಿನ ಹುಡುಗ ಪರದೆಯನ್ನು ಒಮ್ಮೆ ಇಣುಕಿ ನೋಡಿ, “ಅಂಥ ವರ್ಷ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ ಸಾರ್” ಎಂದನಂತೆ. ತಂದೆಯವರು ವಾದಕ್ಕೆ ನಿಲ್ಲದೆ ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಮೆಯಾದ ಸಾಲುಗಳನ್ನೆಲ್ಲ ಹೆಕ್ಕಿ, ರೂಲು ಎಳೆದ ಹಾಳೆಯಲ್ಲಿ ಬರೆದು, ಮೂಲದಲ್ಲೇ ಕಡಿತವಾದ ತೆರಿಗೆಯನ್ನು ಬೇರೆ ಕಲಮಿನಲ್ಲಿ ತೋರಿಸಿ, ಮೊತ್ತದ ಕೆಳಗೆ ಕೆಂಪು ಶಾಯಿಯ ಜೋಡಿಗೆರೆ ಎಳೆದು ಸ್ಕ್ಯಾನ್ ಮಾಡಿಸಿ ಕಳಿಸಿದರು. ಆ ವರ್ಷ ನನ್ನ ಮೇಜಿನ ಮೇಲೆ ಬಂದು ಬಿದ್ದ ಕಾಗದಗಳಲ್ಲಿ ತಿದ್ದುಪಡಿಯಾದ ಪ್ರತಿ ಬಾರದೇ ಇದ್ದದ್ದು ಬಹುಶಃ ಅದೊಂದಕ್ಕೇ.

ಗಡುವು ಸಮೀಪಿಸಿದಂತೆ ಮಗಳೇ ದಾರಿ ತೋರಿಸಿದಳು. ತೆರಿಗೆ ಲೆಕ್ಕ ಸಲ್ಲಿಸಿದ್ದೀರಾ ಎಂಬ ಪ್ರಶ್ನೆಗೆ ‘ಸಲ್ಲಿಸಿದ್ದೇವೆ’ ಎಂಬುದರ ಜೊತೆಗೆ ‘ಸಲ್ಲಿಸಲಿದ್ದೇವೆ’ ಎಂಬ ಉತ್ತರಕ್ಕೂ ಜಾಗವಿತ್ತು. ಎರಡನೆಯದನ್ನು ಆರಿಸಿ ಅಂದಾಜಿನ ಅಂಕಿಗಳನ್ನು ತುಂಬಿ, ಲೆಕ್ಕ ಮುಗಿದ ಮೇಲೆ ತಿದ್ದಬಹುದು. “ಅಂದಾಜು ಹಾಕಿ ಅಂತ ಅವರೇ ಹೇಳಿದ್ದಾರಲ್ಲ ಅಪ್ಪ, ನಿಮಗೇನು ಕಷ್ಟ?” ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟವರಿಗೆ 20,000 ಡಾಲರ್‌ವರೆಗೆ ದಂಡ, ಇಲ್ಲವೇ ಸೆರೆವಾಸ, ಇಲ್ಲವೇ ಎರಡೂ ಎಂದು ಅದೇ ಅರ್ಜಿ ಎಚ್ಚರಿಸುತ್ತಿತ್ತು. ಮೇಲೆ ಊಹಿಸಿ ಬರೆಯಲು ಅನುಮತಿ, ಕೆಳಗೆ ಜೈಲಿನ ದಾರಿ. ಇವೆರಡರ ನಡುವೆ ಸಹಿ ಹಾಕುವಾಗ ಮಧ್ಯಮವರ್ಗದ ಕನ್ನಡಿಗನ ಬೆರಳು ಸ್ವಲ್ಪ ನಡುಗದಿದ್ದರೆ ಅವನ ಸಂಸ್ಕಾರದ ಮೇಲೆಯೇ ಸಂಶಯ ಬರಬೇಕು. ಡಿಸೆಂಬರಿನ ಕೊನೆಯ ಸಂಬಳ ಚೀಟಿಯಲ್ಲಿ ವರ್ಷವಿಡೀ ಗಳಿಸಿದ ಮೊತ್ತವಿರುತ್ತದೆ, ಹಿಂದಿನ ವರ್ಷದ ತೆರಿಗೆಯ ಪ್ರತಿ ಕೈಯಲ್ಲಿರುತ್ತದೆ. ಇವೆರಡನ್ನು ಆಧಾರವಾಗಿಟ್ಟು, ಚಟ್ನಿಪುಡಿಗೆ ಸೊನ್ನೆ ಹಾಕಿ, ಅರ್ಜಿಯನ್ನು ಗಡುವಿನೊಳಗೆ ದಾಟಿಸಿದೆವು.

ಏಪ್ರಿಲ್‌ನಲ್ಲಿ ಬಂದ ಕೆ-1 ಕೆಲವು ನೂರು ಡಾಲರುಗಳ ನಷ್ಟವನ್ನು ಘೋಷಿಸಿತು. ಅರ್ಜಿಯನ್ನು ತಿದ್ದಿದೆವು. ಅಷ್ಟರಲ್ಲಿ ಕಾಲೇಜು ನಮ್ಮ ವಿವರಗಳನ್ನು ಪರಿಶೀಲನೆಗೆ ಆರಿಸಿಕೊಂಡಿತ್ತು. ನಾವು ಸಹಿ ಮಾಡಿದ ಪ್ರತಿ ಅವರಿಗೆ ಒಪ್ಪಿಗೆಯಿಲ್ಲ, ನಮ್ಮ ಲೆಕ್ಕದ ಬಗ್ಗೆ ತೆರಿಗೆ ಇಲಾಖೆಯೇ ಕೊಡುವ ಟ್ರಾನ್ಸ್‌ಕ್ರಿಪ್ಟ್ ಎಂಬ ಅಧಿಕೃತ ಸಾರಾಂಶವೇ ಆಗಬೇಕು; ಅದಾದರೋ ಲೆಕ್ಕ ಸಲ್ಲಿಸಿ ಕೆಲವು ವಾರ ಕಳೆಯದೆ ಸಿಗುವುದಿಲ್ಲ; ಸೀಟು ಖಚಿತಪಡಿಸಲು ಮೇ 1 ಕೊನೆಯ ದಿನ. ಸಹಾಯಧನದ ಅಂತಿಮ ಮೊತ್ತ ತಿಳಿಯದೆಯೇ ಮಗಳು ಸೀಟು ಒಪ್ಪಿಕೊಂಡಳು. ಆಮೇಲೆ ಬಂದ ಮೊತ್ತ, ಚಟ್ನಿಪುಡಿಯ ನಷ್ಟಕ್ಕೆ ಮುಂಚೆ ಎಷ್ಟಿತ್ತೋ ಅಷ್ಟೇ ಇತ್ತು.

2017-18ರ ಅರ್ಜಿಯಿಂದ ನಿಯಮ ಬದಲಾಯಿತು. ಅರ್ಜಿ ಅಕ್ಟೋಬರ್ 1ಕ್ಕೇ ತೆರೆಯತೊಡಗಿತು, ಆದಾಯವೂ ಎರಡು ವರ್ಷ ಹಿಂದಿನದಾದರೆ ಸಾಕೆಂದಾಯಿತು. ಮಗ 2024ರಲ್ಲಿ ಕಾಲೇಜು ಸೇರುವ ಹೊತ್ತಿಗೆ 2022ರ ಕಾಗದಗಳೆಲ್ಲ ಯಾವಾಗಲೋ ಬಂದು ಕಡತದಲ್ಲಿ ಮಲಗಿದ್ದವು. ಕೆ-1 ಇತ್ತು, ತಂದೆಯವರ ಜೋಡಿಗೆರೆಯ ಹಾಳೆಯೂ ಇತ್ತು. ತಡವಾಗಲು ಈ ಸಲ ಉಳಿದಿದ್ದದ್ದು ಅರ್ಜಿಯೊಂದೇ. ಅದು ತಪ್ಪದೆ ತಡವಾಯಿತು. ಹೊಸದಾಗಿ ಸರಳಗೊಳಿಸಿದ ಫಾಫ್ಸಾ ಅಕ್ಟೋಬರಿನಲ್ಲಿ ತೆರೆಯದೆ, 2023ರ ಡಿಸೆಂಬರ್ 30ರಂದು ಮೊದಲ ಸಲ ಕಣ್ಣು ಬಿಟ್ಟು, ಸ್ವಲ್ಪ ಹೊತ್ತಿಗೇ ಮತ್ತೆ ಮುಚ್ಚಿಕೊಂಡಿತು. ನಮ್ಮ ವಿವರಗಳು ಕಾಲೇಜುಗಳಿಗೆ ತಲುಪತೊಡಗಿದ್ದು ಮಾರ್ಚ್‌ನಲ್ಲಿ. ಕ್ಯಾಲಿಫೋರ್ನಿಯಾ ತನ್ನ ಮಾರ್ಚ್ 2ನ್ನು ಏಪ್ರಿಲ್ 2ಕ್ಕೆ, ಅಲ್ಲಿಂದ ಮೇ 2ಕ್ಕೆ ಮುಂದೂಡಿತು. ನಾನು ಕಡತ ಹಿಡಿದು ತಯಾರಾಗಿ ಕೂತಿದ್ದಾಗ ಮಾತ್ರ ಗಡುವಿಗೆ ಇಷ್ಟೊಂದು ಉದಾರಬುದ್ಧಿ ಬಂದದ್ದು ನನಗೇನೂ ಹಿತವೆನಿಸಲಿಲ್ಲ.

ಕೊನೆಗೆ ಮಗನ ಸಹಾಯಧನದ ಪತ್ರ ಬಂದಿತು. ಅದರಲ್ಲಿದ್ದದ್ದು 5,500 ಡಾಲರುಗಳ ಕೇಂದ್ರ ಸರ್ಕಾರದ ಸಾಲ, ಓದುವಾಗಲೂ ಬಡ್ಡಿ ಬೆಳೆಯುವ ಬಗೆಯದು. ಈ ಸಾಲ ಕೊಡುವಾಗ ತಂದೆತಾಯಿಯ ಆದಾಯವನ್ನು ನೋಡುವುದೇ ಇಲ್ಲ. ಫಾಫ್ಸಾ ತುಂಬಿರಬೇಕು, ಅಷ್ಟೆ.